ಕೊಕ್ಕರೆ ಬೆಳ್ಳೂರು: ಹಿತ್ತಲ ಹುಣಸೆಮರದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಮಂಡ್ಯ ಜಿಲ್ಲೆಯಲ್ಲಿ ಬೆಳ್ಳೂರು ಎಂಬ ಹೆಸರಿನ ಊರು ಎರಡಿವೆ. ಒಂದು ನಾಗಮಂಗಲ ತಾಲ್ಲೂಕಿನದು. ಇನ್ನೊಂದು ಮದ್ದೂರು ತಾಲ್ಲೂಕಿನದು, ಶಿಂಷಾ ನದಿಗೆ ಹತ್ತಿರದ್ದು. ಈ ಎರಡನೆಯ ಊರಿಗೆ ಹಕ್ಕಿಯ ಹೆಸರು ಮುಂದೆ ಅಂಟಿಕೊಂಡು ಕೊಕ್ಕರೆ ಬೆಳ್ಳೂರು ಆಗಿದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಇನ್ನೂ ಬಾರದಿರುವಾಗ, ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದರೆ ಸುಮಾರು 12 ಕಿಲೋಮೀಟರ್. ಕೆಂಪು ಮಣ್ಣು, ರಾಗಿ, ಹುರುಳಿ, ನೀರಿದ್ದಲ್ಲಿ ಕಬ್ಬು, ಹಿಪ್ಪುನೇರಳೆ. ಆ ಸೀಮೆಯ ಯಾವ ಊರಿಗೂ ಒಪ್ಪುವ ವರ್ಣನೆ ಇದು. ಈ ಊರನ್ನು ಬೇರೆ ಮಾಡಿರುವುದು ಅಲ್ಲಿನ ಮನೆಗಳ ಹಿತ್ತಲಲ್ಲಿ, ಬೀದಿಯ ತಿರುವಿನಲ್ಲಿ, ಕಣದ ಅಂಚಿನಲ್ಲಿ ನಿಂತಿರುವ ಹುಣಸೆಮರಗಳು, ಮತ್ತು ಅವುಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಕೊಕ್ಕರೆ ಬೆಳ್ಳೂರು ರಂಗನತಿಟ್ಟಿನಂಥ ಪಕ್ಷಿಧಾಮವಲ್ಲ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ಹಕ್ಕಿಗಳು ಕಾವೇರಿಯ ನಡುಗಡ್ಡೆಗಳಲ್ಲಿವೆ, ನೆಲ ಸರ್ಕಾರದ್ದು, ಹಕ್ಕಿಗೂ ಮನುಷ್ಯನಿಗೂ ನಡುವೆ ಹೊಳೆ ಹರಿಯುತ್ತದೆ, ಹೊಳೆಯಲ್ಲಿ ಮೊಸಳೆಗಳಿವೆ. ಬೆಳ್ಳೂರಿನಲ್ಲಿ ಹಕ್ಕಿಗೂ ಮನುಷ್ಯನಿಗೂ ನಡುವೆ ಇರುವುದು ಒಂದು ಹೆಂಚಿನ ಮಾಡು. ಮರ ಯಾರದೋ ಒಂದು ಮನೆಯದು, ಆ ಮನೆಯವರ ಅಜ್ಜನೋ ಮುತ್ತಜ್ಜನೋ ನೆಟ್ಟದ್ದು. ಹಕ್ಕಿ ಯಾರ ಆಸ್ತಿಯೂ ಅಲ್ಲ. ಈ ಊರಿನ ಚರಿತ್ರೆಯನ್ನು ಯಾವ ಕಡೆಯಿಂದ ಹಿಡಿದರೂ ನಾವು ಬಂದು ನಿಲ್ಲುವುದು ಮರ ಯಾರದು ಎಂಬ ಪ್ರಶ್ನೆಯ ಮುಂದೆ. ಇವತ್ತು ಹೇಳಬೇಕೆಂದಿರುವುದು ಅದನ್ನೇ.

ಹಳೆಯ ಕಾಲದಿಂದ ಆರಂಭಿಸೋಣ. ಊರು ಈಗಿರುವ ಜಾಗದಲ್ಲಿ ಮೊದಲಿನಿಂದ ಇರಲಿಲ್ಲ, ಹೊಳೆಗೆ ಇನ್ನೂ ಹತ್ತಿರವಿತ್ತು ಎಂಬುದು ಅಲ್ಲಿನ ಹಿರಿಯರ ಮಾತು. 1916ರ ಸುಮಾರಿಗೆ ಪ್ಲೇಗು ಬಂದು ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು, ಜನರ ಹಿಂದೆಯೇ ಹಕ್ಕಿಗಳೂ ಬಂದವು ಎನ್ನುತ್ತಾರೆ. ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟದ್ದು 1898ರಲ್ಲಿ. ಅಲ್ಲಿಂದ ಮುಂದೆ ಎರಡು ಮೂರು ದಶಕ ಅದು ಮತ್ತೆ ಮತ್ತೆ ಮರುಕಳಿಸಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಖಾಲಿಯಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಕೆಲವು ಊರುಗಳು ತಿಂಗಳುಗಳಾದ ಮೇಲೆ ಹಿಂತಿರುಗಿದವು, ಕೆಲವು ತಿರುಗಲಿಲ್ಲ. ಹಳೇ ಮೈಸೂರಿನ ಎಷ್ಟೋ ಕಡೆ ‘ಹಳೇ ಊರು’ ಎಂದು ಕರೆಯುವ ಒಂದು ದಿಬ್ಬ, ಒಂದು ಒಂಟಿ ಗುಡಿ, ನಾಲ್ಕು ಹುಣಸೆಮರ ಹೊಲಗಳ ನಡುವೆ ಉಳಿದಿರುವುದಕ್ಕೆ ಇದೂ ಒಂದು ಕಾರಣ. 

ಹಕ್ಕಿಗಳು ಜನರ ಹಿಂದೆ ಬಂದವು ಎಂಬ ಮಾತನ್ನು ನಂಬಿಕೆಯೆಂದು ಬದಿಗಿಡಬೇಕಾಗಿಲ್ಲ. ಅದಕ್ಕೆ ಅರ್ಥವಿದೆ. ಜನ ಇರುವ ಕಡೆ ಹುಣಸೆ, ಆಲ, ಅರಳಿ, ಬಸರಿ, ಗೋಣಿಯಂಥ ದೊಡ್ಡ ಮರಗಳನ್ನು ಕಡಿಯದೆ ಬೆಳೆಸಿರುತ್ತಾರೆ. ಜನರ ಓಡಾಟವಿದ್ದಲ್ಲಿ ಕಾಡುಬೆಕ್ಕಿನಂಥ ಪ್ರಾಣಿಗಳು ಮರ ಹತ್ತಲು ಹಿಂಜರಿಯುತ್ತವೆ. ಕಲ್ಲೆಸೆಯದ, ಗೂಡು ಕೀಳದ ಜನ ಕೆಳಗಿದ್ದರೆ ಹಕ್ಕಿಗೆ ಅದಕ್ಕಿಂತ ಒಳ್ಳೆಯ ಕಾವಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಭಾರತದ ಹಕ್ಕಿಗಳ ಬಗ್ಗೆ ಬರೆದ ಟಿ.ಸಿ. ಜರ್ಡನ್, ಕರ್ನಾಟಿಕ್ ಸೀಮೆಯಲ್ಲಿ, ಅಂದರೆ ಪೂರ್ವ ಕರಾವಳಿಯ ಕಡೆಯ ಬಯಲಿನಲ್ಲಿ, ಒಂದು ಹಳ್ಳಿಯ ನಡುವೆಯೇ ತಗ್ಗಾದ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದನ್ನು ಕಂಡು ದಾಖಲಿಸಿದ. ಜನ ಹತ್ತಿರದಲ್ಲೇ ಓಡಾಡುತ್ತಿದ್ದರೂ ಅವು ಲೆಕ್ಕಿಸುತ್ತಿರಲಿಲ್ಲ, ತಲೆಮಾರುಗಳಿಂದ ಹೀಗೇ ಎಂದು ಅಲ್ಲಿನವರು ಹೇಳಿದರು ಎಂದೂ ಬರೆದ. ಆ ಹಳ್ಳಿಯ ಹೆಸರನ್ನು ಅವನು ಕೊಟ್ಟಿಲ್ಲ. ಹಳ್ಳಿಯ ಮರದಲ್ಲಿ ಹೆಜ್ಜಾರ್ಲೆ ಕೂರುವ ರೂಢಿ ದಕ್ಷಿಣದಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಆ ಬರಹ ಸಾಕ್ಷಿ.

ಈಗ ಹಕ್ಕಿಗಳ ವಿಷಯ. ಹೆಸರು ಕೊಕ್ಕರೆ ಬೆಳ್ಳೂರು ಎಂದಿದ್ದರೂ ಊರಿಗೆ ಹೆಚ್ಚಿನ ಹೆಸರು ತಂದದ್ದು ಹೆಜ್ಜಾರ್ಲೆ. ದೊಡ್ಡ ಹಕ್ಕಿ: ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡರಿಂದ ಎರಡೂವರೆ ಮೀಟರ್, ತೂಕ ನಾಲ್ಕೈದು ಕೆ.ಜಿ. ಕೊಕ್ಕಿನ ಕೆಳಗೆ ಚೀಲ, ಮೇಲಿನ ಕೊಕ್ಕಿನ ಅಂಚಿನುದ್ದಕ್ಕೂ ಚುಕ್ಕೆಗಳ ಸಾಲು. ನವೆಂಬರ್, ಡಿಸೆಂಬರ್ ಹೊತ್ತಿಗೆ ಇವು ಬಂದು ಮರ ಹಿಡಿಯುತ್ತವೆ. ಕಡ್ಡಿಗಳ ಅಗಲವಾದ ತಟ್ಟೆಯಂಥ ಗೂಡು, ಅದರಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಸುಣ್ಣದ ಬಣ್ಣದ ಮೊಟ್ಟೆ, 30ರಿಂದ 33 ದಿನ ಕಾವು. ಮರಿ ಗೂಡಿನಲ್ಲೋ ಗೂಡಿನ ಅಕ್ಕಪಕ್ಕದ ಕೊಂಬೆಯಲ್ಲೋ ಮೂರರಿಂದ ಐದು ತಿಂಗಳು ಉಳಿಯುತ್ತದೆ. ಅಂದರೆ ಡಿಸೆಂಬರಿನಲ್ಲಿ ಮೊಟ್ಟೆಯಿಟ್ಟ ಜೋಡಿಯ ಮರಿ ಹಾರಿ ಹೋಗುವುದು ಏಪ್ರಿಲ್, ಮೇ ಹೊತ್ತಿಗೆ. ಬಣ್ಣದ ಕೊಕ್ಕರೆ ಸ್ವಲ್ಪ ತಡವಾಗಿ ಗೂಡಿಗೆ ಕೂರುತ್ತದೆ. ಅದರ ಮರಿಗೆ ಎರಡು ತಿಂಗಳ ಸುಮಾರಿಗೆ ರೆಕ್ಕೆ ಬಲಿಯುತ್ತದೆ. ಮಟಮಟ ಮಧ್ಯಾಹ್ನ ತಾಯಿಯೋ ತಂದೆಯೋ ರೆಕ್ಕೆ ಅರಳಿಸಿ ಮರಿಗಳ ಮೇಲೆ ನೆರಳು ಮಾಡಿ ನಿಲ್ಲುವುದನ್ನು ಮಾರ್ಚಿನಲ್ಲಿ ಯಾವ ಮನೆಯ ಜಗಲಿಯಿಂದಲೂ ನೋಡಬಹುದು.

ಎರಡೂ ಮೀನು ತಿನ್ನುವ ಹಕ್ಕಿಗಳೇ, ಆದರೆ ಮೀನು ಹಿಡಿಯುವ ಬಗೆ ಬೇರೆ. ಊರಿನ ಹಣೆಬರಹ ಅರ್ಥವಾಗಬೇಕಾದರೆ ಈ ವ್ಯತ್ಯಾಸ ಗೊತ್ತಿರಬೇಕು. ಹೆಜ್ಜಾರ್ಲೆ ನೀರಿನ ಮೇಲೆ ತೇಲುತ್ತಾ ಚೀಲದಲ್ಲಿ ನೀರು ಸಮೇತ ಮೀನು ಮೊಗೆದು, ನೀರು ಸೋಸಿ ನುಂಗುತ್ತದೆ. ಅದಕ್ಕೆ ತೇಲುವಷ್ಟು ನೀರು ಬೇಕು, ಸಾಕಷ್ಟು ಮೀನೂ ಬೇಕು. ಬಣ್ಣದ ಕೊಕ್ಕರೆ ನೀರಿನಲ್ಲಿ ನಡೆಯುತ್ತಾ, ಅರೆ ತೆರೆದ ಕೊಕ್ಕನ್ನು ಅದ್ದಿಟ್ಟು, ಕಾಲಿನಿಂದ ಕೆಸರು ಕದಡಿ, ಕೊಕ್ಕಿಗೆ ತಾಗಿದ್ದನ್ನು ಕಚ್ಚುತ್ತದೆ. ಅದಕ್ಕೆ ಮೊಣಕಾಲುದ್ದಕ್ಕಿಂತ ಕಡಿಮೆ ನೀರು ಬೇಕು. ಕೆರೆ ತುಂಬಿದ್ದಾಗ ಅದಕ್ಕೆ ಅಂಚಿನಲ್ಲಷ್ಟೇ ಜಾಗ. ಬೇಸಿಗೆಯಲ್ಲಿ ಕೆರೆ ಇಳಿದು, ಮೀನು ಉಳಿದ ನೀರಿನಲ್ಲಿ ಗುಂಪುಗೂಡಿದಾಗ ಅದರ ಸುಗ್ಗಿ. ಹಾಗಾಗಿ ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಶಿಂಷಾ ನದಿಯ ಮಡುಗಳು — ಇವೆಲ್ಲ ಬೆಳ್ಳೂರಿನ ಗ್ರಾಮನಕ್ಷೆಯ ಹೊರಗಿದ್ದರೂ ಬೆಳ್ಳೂರಿನವೇ. ಕೆರೆ ಜನವರಿಯಲ್ಲೇ ಬತ್ತಿದರೆ ಹೆಜ್ಜಾರ್ಲೆ ಗೂಡು ಬಿಟ್ಟುಹೋಗುತ್ತದೆ. ಏಪ್ರಿಲ್ ಕಳೆದರೂ ತುಂಬಿಯೇ ಇದ್ದರೆ ಕೊಕ್ಕರೆ ಮೇವಿಗೆ ದೂರ ಹೋಗಬೇಕಾಗುತ್ತದೆ. ನಿಧಾನವಾಗಿ ಇಳಿಯುವ ಕೆರೆ ಇಬ್ಬರಿಗೂ ಒಳ್ಳೆಯದು. ಹಳೆಯ ಕಾಲದ ನೀರುಗಂಟಿಗಳು ತೂಬನ್ನು ಅಳತೆಯಾಗಿ ತೆಗೆದು ಗದ್ದೆಗೆ ಬಿಡುತ್ತಿದ್ದ ಕ್ರಮದಲ್ಲಿ ಕೆರೆ ಹಾಗೆ ನಿಧಾನವಾಗಿಯೇ ಇಳಿಯುತ್ತಿತ್ತು. ಅವರು ಅದನ್ನು ಹಕ್ಕಿಗಾಗಿ ಮಾಡಿದ್ದಲ್ಲ, ಆದರೆ ಹಕ್ಕಿಯ ಕಾಲಗಣನೆ ಅದಕ್ಕೆ ಕೂಡಿಕೊಂಡಿತ್ತು.

ಇನ್ನು ಮರಕ್ಕೆ ಬರೋಣ. ಬೆಳ್ಳೂರಿನ ಒಂದು ಮನೆಗೆ ಹಿತ್ತಲ ಹುಣಸೆಮರ ಏನು ಕೊಡುತ್ತಿತ್ತು?

ಮೊದಲನೆಯದು ಕಾಯಿ. ಬೆಳೆದ ಮರ ಒಳ್ಳೆಯ ಫಸಲಿನ ವರ್ಷ ನೂರೈವತ್ತರಿಂದ ಇನ್ನೂರು ಕೆ.ಜಿ. ಕಾಯಿ ಕೊಡುತ್ತದೆ. ಎಲ್ಲ ವರ್ಷವೂ ಹಾಗಲ್ಲ, ಹುಣಸೆ ಒಂದು ವರ್ಷ ಹೆಚ್ಚು ಹಿಡಿದರೆ ಮುಂದಿನ ವರ್ಷ ಸೊರಗುವುದುಂಟು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕಾಯಿ ಹಣ್ಣಾಗುತ್ತದೆ. ಮರ ಹತ್ತಿ ಕೊಂಬೆ ಅಲುಗಿಸಿ, ತುದಿಯಲ್ಲಿರುವುದನ್ನು ದೋಟಿಯಿಂದ ಬಡಿದು ಉದುರಿಸುತ್ತಾರೆ. ಆಯ್ದು, ಒಣಗಿಸಿ, ಸಿಪ್ಪೆ ಬಿಡಿಸಿ, ಕುಟ್ಟಿ, ಬೀಜ ತೆಗೆದು, ನಾರು ಬೇರೆ ಮಾಡಿ, ಸ್ವಲ್ಪ ಉಪ್ಪು ಹಾಕಿ ಮಡಕೆಯಲ್ಲಿ ಒತ್ತಿ ತುಂಬಿದರೆ ಮನೆಗೆ ವರ್ಷದ ಹುಳಿ. ಮಿಕ್ಕದ್ದು ಸಂತೆಗೆ. ಅಷ್ಟು ಕೆಲಸ ಮಾಡಲಾಗದ ಮನೆಯವರು ಮರವನ್ನೇ ವರ್ಷದ ಗುತ್ತಿಗೆಗೆ ಕೊಡುತ್ತಾರೆ.

ತಿಂಗಳು ಗಮನಿಸಿ: ಫೆಬ್ರವರಿಯಿಂದ ಏಪ್ರಿಲ್. ಹಕ್ಕಿಯ ಗೂಡಿನಲ್ಲಿ ರೆಕ್ಕೆ ಬಲಿಯದ ಮರಿ ಇರುವುದೂ ಅದೇ ಫೆಬ್ರವರಿಯಿಂದ ಏಪ್ರಿಲ್. ಮರ ಹತ್ತಿದರೆ ದೊಡ್ಡ ಹಕ್ಕಿಗಳು ಎದ್ದು ಹೋಗುತ್ತವೆ, ಆ ಹೊತ್ತಿಗೆ ಕಾಗೆ, ಹದ್ದು ಮೊಟ್ಟೆಗೂ ಎಳೆ ಮರಿಗೂ ಎರಗುತ್ತವೆ. ಗಾಬರಿಯಾದ ಮರಿಗಳು ಕೊಂಬೆಯಂಚಿಗೆ ಸರಿದು ಕೆಳಗೆ ಬೀಳುತ್ತವೆ. ದೋಟಿಯ ಪೆಟ್ಟಿಗೆ ಗೂಡು ಕಳಚುತ್ತದೆ. ಹಣ್ಣು ಬೇಕೆಂದರೆ ಹಕ್ಕಿ ಹೋಗುತ್ತದೆ, ಹಕ್ಕಿ ಇರಲಿ ಎಂದರೆ ಹಣ್ಣು ಮರದಲ್ಲೇ ಹುಳ ಹಿಡಿದು ಉದುರುತ್ತದೆ. ಬೆಳ್ಳೂರಿನ ಮನೆಗಳು ತಲೆಮಾರುಗಳಿಂದ ಗೂಡಿರುವ ಮರದ ಹಣ್ಣನ್ನು ಬಹುಪಾಲು ಬಿಟ್ಟುಕೊಟ್ಟಿವೆ. ಈ ತ್ಯಾಗವನ್ನು ನೆನೆದಾಗ ಮನಸ್ಸು ತುಂಬಿ ಬರುತ್ತದೆ. ಹೊರಗಿನಿಂದ ಬಂದು ಚಿತ್ರ ತೆಗೆದುಕೊಂಡು ಹೋಗುವವರಿಗೆ ಅದು ಕಾಣುವುದಿಲ್ಲ.

ಹಾಗಾದರೆ ಮನೆಗೆ ಸಿಕ್ಕಿದ್ದೇನು? ಗೊಬ್ಬರ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಹೇರಳ. ಊರಿನವರು ಗೂಡಿರುವ ಮರದ ಬುಡದ ಸುತ್ತ ಗುಂಡಿ ತೋಡಿ, ಅದರೊಳಕ್ಕೆ ಕೆರೆಯಿಂದ ತಂದ ಗೋಡುಮಣ್ಣನ್ನು ಹರಡುತ್ತಾರೆ. ಹಿಕ್ಕೆ, ಕೊಳೆತ ಮೀನಿನ ಚೂರು, ಉದುರಿದ ಎಲೆ ಎಲ್ಲ ಅದರ ಮೇಲೆ ಬೀಳುತ್ತವೆ. ಮೇಲೆ ಮತ್ತೆ ಮಣ್ಣು ಹಾಕುತ್ತಾರೆ. ಹಕ್ಕಿಗಳು ಹೋಗುವ ಹೊತ್ತಿಗೆ ಗುಂಡಿ ತುಂಬಿರುತ್ತದೆ, ಮುಂಗಾರಿನ ಉಳುಮೆಗೆ ಮುಂಚೆ ಅದನ್ನು ಎತ್ತಿ ಹೊಲಕ್ಕೆ ಹೊಡೆಯುತ್ತಾರೆ. ಮಣ್ಣು ಬೆರೆಸುವುದು ಸುಮ್ಮನೆ ಅಲ್ಲ. ಹಸಿ ಹಿಕ್ಕೆ ಬಹಳ ಖಾರ, ನೇರವಾಗಿ ಹಾಕಿದರೆ ಪೈರಿನ ಬೇರು ಸುಡುತ್ತದೆ; ಬಿಸಿಲಿಗೆ ಬಿದ್ದ ಹಿಕ್ಕೆಯಿಂದ ಸಾರಜನಕ ಬಹಳಷ್ಟು ಆವಿಯಾಗಿ ಹೋಗುತ್ತದೆ. ಗೋಡು ಅದನ್ನು ಹೀರಿಕೊಂಡು ಹಿಡಿದಿಡುತ್ತದೆ, ನಾತವೂ ಕಡಿಮೆಯಾಗುತ್ತದೆ. ಕೆರೆಯ ಹೂಳೂ ಈ ನೆಪದಲ್ಲಿ ಒಂದಿಷ್ಟು ಎದ್ದಂತಾಗುತ್ತಿತ್ತು. ಕೆರೆಯ ಮೀನು ಹಕ್ಕಿಯ ಹೊಟ್ಟೆ ಸೇರಿ ಹಿತ್ತಲಿಗೆ, ಕೆರೆಯ ಗೋಡು ಗಾಡಿ ಸೇರಿ ಅದೇ ಹಿತ್ತಲಿಗೆ, ಅಲ್ಲಿಂದ ಎರಡೂ ರಾಗಿ ಹೊಲಕ್ಕೆ. ಸಣ್ಣ ಊರಿನ ಬೇಸಾಯದಲ್ಲಿ ಇಷ್ಟು ಚೆನ್ನಾಗಿ ಕೂಡಿಬಂದ ವ್ಯವಸ್ಥೆ ಬೇರೊಂದು ಸಿಗುವುದು ಕಷ್ಟ.

ತೊಂದರೆ ಇರಲಿಲ್ಲವೆಂದಲ್ಲ. ಆರು ತಿಂಗಳು ಮೀನಿನ ನಾತ. ಬಟ್ಟೆ ಒಣಹಾಕುವಂತಿಲ್ಲ, ರಾಗಿ ಹರವುವಂತಿಲ್ಲ, ನೀರಿನ ಪಾತ್ರೆಗೆ ಮುಚ್ಚಳ ಬೇಕು, ಹೆಂಚಿನ ಮೇಲೆ ಸುಣ್ಣ ಬಳಿದಂತೆ ಹಿಕ್ಕೆ. ಮರಕ್ಕೂ ಕಷ್ಟವೇ: ಎಲೆಯ ಮೇಲೆ ಹಿಕ್ಕೆ ಗಟ್ಟಿಯಾಗಿ ಕೂತರೆ ಎಲೆಗೆ ಬೆಳಕಿಲ್ಲ, ಬುಡದಲ್ಲಿ ಅತಿಯಾದರೆ ಬೇರಿಗೆ ಹಾನಿ, ಗೂಡಿಗೆಂದು ಹಕ್ಕಿಗಳು ಹಸಿ ಕಡ್ಡಿಯನ್ನೂ ಮುರಿಯುತ್ತವೆ. ವರ್ಷಾನುಗಟ್ಟಲೆ ಒಂದೇ ಮರದಲ್ಲಿ ಗೂಡು ತುಂಬಿದರೆ ಕೊಂಬೆ ಒಣಗತೊಡಗುತ್ತದೆ. ಇದನ್ನೆಲ್ಲ ಊರು ಸಹಿಸಿತು. ಹಕ್ಕಿಗಳನ್ನು ಅಲ್ಲಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಬಾಣಂತಿ ಮನೆಯಲ್ಲಿದ್ದಾಗ ನಾತ, ಗದ್ದಲ, ನಿದ್ದೆಗೇಡು ಇದ್ದದ್ದೇ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನಾಗಿರುತ್ತದೆ ಎಂಬ ಮಾತೂ ಇದೆ. ಕೆರೆ ತುಂಬಿದ ವರ್ಷವೇ ಹಕ್ಕಿ ಹೆಚ್ಚು ಬರುವುದರಿಂದ ಆ ಮಾತು ಬಹುಪಾಲು ನಿಜವೇ ಆಗುತ್ತದೆ.

ಈ ವ್ಯವಸ್ಥೆ ಎಲ್ಲಿ ಸಡಿಲವಾಯಿತು? ಒಂದೇ ಏಟಿಗೆ ಅಲ್ಲ. ಕನ್ನಂಬಾಡಿ ಕಟ್ಟೆಯಾಗಿ, ನಾಲೆಗಳು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಆ ಸೀಮೆಯ ಬೇಸಾಯವೇ ಮಗ್ಗುಲು ಬದಲಿಸಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಕಬ್ಬು, ಭತ್ತ ಬಂದ ಕಡೆ ಹಣ ಬಂತು. ಆಮೇಲಿನ ದಶಕಗಳಲ್ಲಿ ಚೀಲದ ಗೊಬ್ಬರ ಬಂತು. ಯೂರಿಯಾ ಚೀಲ ಅಂಗಡಿಯಲ್ಲಿ ಸಿಗುವಾಗ ಗುಂಡಿ ತೋಡಿ, ಗೋಡು ಹೊತ್ತು, ಹಿಕ್ಕೆ ಗೊಬ್ಬರ ಮಾಡುವ ಮನೆಗಳು ಕಡಿಮೆಯಾದವು. ಅಲ್ಲಿಗೆ ಮರದ ಲೆಕ್ಕದಲ್ಲಿ ಜಮೆಯ ಬದಿ ಖಾಲಿಯಾಯಿತು: ಹಣ್ಣು ಮೊದಲೇ ಹಕ್ಕಿಗೆ ಬಿಟ್ಟದ್ದು, ಈಗ ಗೊಬ್ಬರಕ್ಕೂ ಬೆಲೆಯಿಲ್ಲ. ಖರ್ಚಿನ ಬದಿಯಲ್ಲಿ ನಾತ, ಹಿಕ್ಕೆ, ಜಾಗ ಎಲ್ಲ ಹಾಗೇ ಉಳಿದವು. ಅದೇ ಹೊತ್ತಿಗೆ ಹುಣಸೆ ಸೌದೆಗೆ ಇಟ್ಟಿಗೆ ಗೂಡಿನವರು ಒಳ್ಳೆಯ ಬೆಲೆ ಕೊಡುತ್ತಿದ್ದರು. ಗಟ್ಟಿ ಮರ, ಜೋರು ಕಾವು, ತಡವಾಗಿ ಆರುವ ಕೆಂಡ. ಮದುವೆ, ಆಸ್ಪತ್ರೆ, ಬೋರ್‌ವೆಲ್ಲು ಎಂದು ಹಣ ಬೇಕಾದಾಗ ಹಿತ್ತಲ ಮರ ಮಾರಾಟಕ್ಕೆ ಬಂತು.

ಇದಕ್ಕೆ ಅಣ್ಣತಮ್ಮಂದಿರ ಪಾಲನ್ನೂ ಸೇರಿಸಿ ನೋಡಬೇಕು. ಹಿತ್ತಲು ಹಂಚಿದಾಗ ಮರ ಹಂಚಿಕೆಯ ಗೆರೆಯ ಮೇಲೆ ಬೀಳುತ್ತದೆ. ನೆಲ ಒಬ್ಬನಿಗೆ, ಮರದ ಅರ್ಧ ಇನ್ನೊಬ್ಬನಿಗೆ ಎಂದಾಗುತ್ತದೆ. ಇಬ್ಬರಿಗೂ ಸಮನಾಗಿ ಹಂಚಲು ಇರುವ ಸುಲಭದ ದಾರಿ ಮರ ಮಾರಿ ಹಣ ಹಂಚಿಕೊಳ್ಳುವುದು. ದುರಾಸೆಯಿಂದ ಹೋದ ಮರಗಳಿಗಿಂತ ಹೀಗೆ ಪಾಲಿಗೆ ಸಿಕ್ಕಿ ಹೋದ ಮರಗಳೇ ಹಳ್ಳಿಗಳಲ್ಲಿ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಮರದ ಸಂರಕ್ಷಣೆಯ ಮಾತನಾಡುವವರು ಪಾಲುಪತ್ರದ ವಿಷಯವನ್ನು ಎತ್ತುವುದೇ ಇಲ್ಲ, ಎತ್ತಬೇಕು.

1976ರಲ್ಲಿ ಅರಣ್ಯ ಇಲಾಖೆಯ ಅಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಹೆಜ್ಜಾರ್ಲೆಗಳನ್ನು ಗಮನಿಸಿ, ಮರುವರ್ಷ ಅದರ ವರದಿಯನ್ನು ಪಕ್ಷಿತಜ್ಞರ ಲೋಕಕ್ಕೆ ತಲುಪಿಸಿದರು. ಕರ್ನಾಟಕದಲ್ಲಿ ಹೆಜ್ಜಾರ್ಲೆಗಳ ಇಂಥದ್ದೊಂದು ಗೂಡುತಾಣ ಇದೆಯೆಂದು ಹೊರಗಿನವರಿಗೆ ತಿಳಿದದ್ದು ಆಗ. ಊರಿಗಂತೂ ಅದು ಹೊಸ ಸುದ್ದಿಯಲ್ಲ. ಅದೇ 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಬಂದು, ಖಾಸಗಿ ನೆಲದ ಮರ ಕಡಿಯಲೂ ಅನುಮತಿ ಬೇಕಾಯಿತು. ಆದರೆ ಅನುಮತಿಯ ಕಾಗದ ಮರವನ್ನು ಸ್ವಲ್ಪ ಕಾಲ ನಿಲ್ಲಿಸಬಲ್ಲದು, ಮನೆಯವರಿಗೆ ಬೇಡವಾದ ಮರವನ್ನು ಅದು ಉಳಿಸಲಾರದು. ಆಗ ಇಲಾಖೆ ಹಿಡಿದ ದಾರಿ ಪರಿಹಾರ: ಗೂಡಿರುವ ಹುಣಸೆಮರದ ಹಣ್ಣು ಕೀಳದೆ ಬಿಟ್ಟರೆ, ಆ ನಷ್ಟಕ್ಕೆ ಮರದ ಲೆಕ್ಕದಲ್ಲಿ ಹಣ.

ಈ ಪರಿಹಾರ ಒಳ್ಳೆಯ ವಿಚಾರ. ಇಂಥ ಪರಿಹಾರ ಕೆಲಸ ಮಾಡುವುದು, ಕೆಡುವುದು ಎಲ್ಲಿ ಎಂಬುದನ್ನು ಬಿಡಿಸಿ ನೋಡಬೇಕು. ಮೊತ್ತ ಆ ವರ್ಷದ ಹುಣಸೆಯ ಪೇಟೆ ಬೆಲೆಗೆ ಹತ್ತಿರವಿರಬೇಕು. ಹಳೆಯ ದರಕ್ಕೇ ನಿಂತರೆ ಬೆಲೆ ಏರಿದ ವರ್ಷ ಗುತ್ತಿಗೆದಾರ ಕೊಡುವ ಹಣವೇ ದೊಡ್ಡದಾಗಿ ಕಾಣುತ್ತದೆ. ಹಣ ಕೈಗೆ ಬರಬೇಕಾದದ್ದು ಹಣ್ಣು ಕೀಳುವ ಕಾಲಕ್ಕೆ, ಅಂದರೆ ಫೆಬ್ರವರಿ, ಮಾರ್ಚಿನಲ್ಲಿ. ವರ್ಷ ಕಳೆದು ಬಂದರೆ ಅದು ಪರಿಹಾರ ಅನ್ನಿಸುವುದಿಲ್ಲ. ಮರಕ್ಕೆ ಇಬ್ಬರು ಮೂವರು ಪಾಲುದಾರರಿದ್ದರೆ ಹಣ ಯಾರ ಹೆಸರಿಗೆ ಎಂಬುದು ಮೊದಲೇ ಬರಹದಲ್ಲಿರಬೇಕು. ಇನ್ನೊಂದು ಸೂಕ್ಷ್ಮವಿದೆ: ಗೂಡು ಇರುವ ಮರಕ್ಕಷ್ಟೇ ಹಣ ಕೊಟ್ಟರೆ, ಈ ವರ್ಷ ಹಕ್ಕಿ ಕೂರದ ಮರ ಮುಂದಿನ ವರ್ಷದೊಳಗೆ ಸೌದೆಯಾಗಬಹುದು. ಹಕ್ಕಿಗಳು ಮರ ಬದಲಿಸುತ್ತವೆ. ಒಣಗುತ್ತಿರುವ ಮರ ಬಿಟ್ಟು ಪಕ್ಕದ್ದಕ್ಕೆ ಹೋಗುತ್ತವೆ. ಖಾಲಿ ಮರವೂ ಊರಿಗೆ ಬೇಕಾದ ಮರವೇ.

1994ರಿಂದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿ ನಿಸರ್ಗಾಸಕ್ತರ ಸಂಸ್ಥೆಯವರು ಊರಿನಲ್ಲಿ ಕೆಲಸ ಶುರುಮಾಡಿದರು. ಊರಿನ ಹುಡುಗರದ್ದೇ ಹೆಜ್ಜಾರ್ಲೆ ಬಳಗ ರೂಪುಗೊಂಡಿತು. ಅವರು ಕೈಗೆತ್ತಿಕೊಂಡ ಮುಖ್ಯ ಕೆಲಸ ಬಿದ್ದ ಮರಿಗಳದು.

ಮರಿ ಯಾಕೆ ಬೀಳುತ್ತದೆ? ಗೂಡಿನಲ್ಲಿ ದೊಡ್ಡ ಮರಿ ಚಿಕ್ಕದನ್ನು ತಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ತುದಿ ಕೊಂಬೆಯ ಗೂಡು ಜಾರುತ್ತದೆ. ಎರಡೂವರೆ ತಿಂಗಳಾದ ಮರಿಗೆ ರೆಕ್ಕೆ ಬಡಿಯುವ ಹುರುಪು ಬಂದಿರುತ್ತದೆ, ಹಾರುವ ಬಲ ಬಂದಿರುವುದಿಲ್ಲ. ನೆಲಕ್ಕೆ ಬಿದ್ದ ಮರಿಯನ್ನು ತಾಯಿ ಕೆಳಗಿಳಿದು ಸಾಕುವುದಿಲ್ಲ. ನಾಯಿಗೆ ಸಿಕ್ಕದಿದ್ದರೂ ಹಸಿವಿನಿಂದ ಸಾಯುತ್ತದೆ. ಇದಕ್ಕೆ ಉಪಾಯ ಸರಳ. ಗೂಡು ಹೆಚ್ಚಿರುವ ಮರದ ಕೆಳಗೆ ನೆಲದಿಂದ ಮೇಲೆ ಬಲೆ ಕಟ್ಟುವುದು. ಬಲೆ ಬಿಗಿಯಾಗಿರಬಾರದು, ಬಿಗಿಯಾದರೆ ಮರಿ ಪುಟಿದು ಹೊರಗೆ ಬೀಳುತ್ತದೆ. ತೀರಾ ಜೋಲಿಯಾದರೆ ನೆಲಕ್ಕೆ ತಾಗುತ್ತದೆ. ಬಲೆಯ ಕಣ್ಣು ದೊಡ್ಡದಾದರೆ ಕಾಲು, ರೆಕ್ಕೆ ಸಿಕ್ಕಿ ಮುರಿಯುತ್ತವೆ. ಬಿದ್ದ ಮರಿಯನ್ನು ಎತ್ತುವಾಗ ರೆಕ್ಕೆಗಳನ್ನು ಮೈಗೆ ಮಡಚಿ ಹಿಡಿಯಬೇಕು. ಕೊಕ್ಕು ಹಿಡಿಯುವುದಾದರೆ ಅದನ್ನು ಪೂರ್ತಿ ಮುಚ್ಚದಂತೆ, ಉಸಿರಿಗೆ ಸಂದು ಬಿಟ್ಟು ಹಿಡಿಯಬೇಕು. ಬಾಯಿಗೆ ನೀರು ಸುರಿಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಮೀನಿನಲ್ಲಿರುವ ನೀರೇ ಅದಕ್ಕೆ ಸಾಕು. ಗೂಡಿಗೆ ಮರಳಿಸಲಾಗದ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು, ಹಗಲು ನೆರಳು, ಎಳೆಯದಾದರೆ ರಾತ್ರಿ ಬೆಚ್ಚಗಿನ ಜಾಗ ಕೊಟ್ಟು, ಸಣ್ಣ ಮೀನನ್ನು ತಲೆ ಮುಂದಾಗಿ ತಿನ್ನಿಸುತ್ತಾರೆ. ಬಾಲ ಮುಂದಾದರೆ ಮೀನಿನ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಸಿಕ್ಕುತ್ತದೆ. ಮರಿ ತಾನೇ ಬೋಗುಣಿಯ ನೀರಿನಿಂದ ಮೀನು ಎತ್ತಿಕೊಳ್ಳತೊಡಗಿದ ಮೇಲೆ ಕೈತುತ್ತು ನಿಲ್ಲಿಸಬೇಕು. ಇಲ್ಲದಿದ್ದರೆ ಅದು ಮನುಷ್ಯನ ಕೈಯನ್ನೇ ಕಾಯುತ್ತಾ ಕೂರುತ್ತದೆ. ರೆಕ್ಕೆ ಬಲಿತಾಗ ಆವರಣದಿಂದ ತಾನೇ ಎದ್ದು ಹೋಗಲಿ ಎಂದು ಬಿಡಬೇಕು, ಎತ್ತಿ ಎಸೆಯಬಾರದು.

ಕರೆಂಟಿನ ತಂತಿ ಇನ್ನೊಂದು ಗಂಡಾಂತರ. ಎರಡೂವರೆ ಮೀಟರ್ ರೆಕ್ಕೆ ಎರಡು ತಂತಿಗೂ ಒಟ್ಟಿಗೆ ತಾಗುತ್ತದೆ. ಗೂಡುಮರಗಳ ಬದಿಯ ತಂತಿಗೆ ಹೊದಿಕೆಯಿರುವ ಕೇಬಲ್ ಹಾಕುವುದೇ ಇದಕ್ಕೆ ದಾರಿ.

ಗಣತಿಯ ಬಗ್ಗೆ ಸ್ವಲ್ಪ. ಹಕ್ಕಿ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಯಾವ ಹೊತ್ತಿಗೆ ನೋಡಿದರೂ ಜೋಡಿಯಲ್ಲಿ ಒಂದು ಕೆರೆಯಲ್ಲಿರುತ್ತದೆ. ಆದ್ದರಿಂದ ಗೂಡು ಎಣಿಸಬೇಕು. ಪ್ರತಿ ಮರಕ್ಕೆ ಒಂದು ಸಂಖ್ಯೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಅದೇ ಜಾಗದಲ್ಲಿ ನಿಂತು, ಹಕ್ಕಿ ಕೂತಿರುವ ಗೂಡು ಎಷ್ಟು, ಮರಿ ಕಾಣುವ ಗೂಡು ಎಷ್ಟು, ಖಾಲಿ ಎಷ್ಟು ಎಂದು ಬೇರೆ ಬೇರೆ ಬರೆಯಬೇಕು. ಹೆಜ್ಜಾರ್ಲೆಯದು, ಕೊಕ್ಕರೆಯದು ಬೇರೆ ಪುಟದಲ್ಲಿ. ಹೀಗೆ ಹತ್ತು ವರ್ಷ ಬರೆದ ಒಂದು ನೋಟ್‌ಬುಕ್ಕು, ಯಾವ ಮರ ಯಾವ ವರ್ಷ ಬಿಟ್ಟುಹೋಯಿತು ಎಂಬುದನ್ನು ಹೇಳಿಬಿಡುತ್ತದೆ.

2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು, ಸುಮಾರು 312 ಹೆಕ್ಟೇರ್. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿ ಈ ಹೊಸ ಬಗೆಯನ್ನು ಸೃಷ್ಟಿಸಿತು. ಪಕ್ಷಿಧಾಮದಲ್ಲಿ ನೆಲದ ಮೇಲಿನ ಹಕ್ಕುಗಳನ್ನು ಸರ್ಕಾರ ಇತ್ಯರ್ಥ ಮಾಡಿ ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ. ಸಮುದಾಯ ಮೀಸಲಿನಲ್ಲಿ ನೆಲ ಯಾರದೋ ಅವರದಾಗಿಯೇ ಉಳಿಯುತ್ತದೆ. ಜನ ತಾವಾಗಿ ಮುಂದೆ ಬಂದರೆ ಮಾತ್ರ ಘೋಷಣೆ. ನಡೆಸುವುದು ಒಂದು ಸಮಿತಿ: 2002ರ ತಿದ್ದುಪಡಿ ಹೇಳಿದ್ದು ಪಂಚಾಯಿತಿ ಹೆಸರಿಸಿದ ಐವರು, ಅರಣ್ಯ ಇಲಾಖೆಯ ಒಬ್ಬರು. ಒಮ್ಮೆ ಘೋಷಣೆಯಾದರೆ ನೆಲದ ಬಳಕೆ ಬದಲಿಸಲು ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಮರ ಮನೆಯದು, ಹಕ್ಕಿ ಎಲ್ಲರದು ಎಂಬ ಬೆಳ್ಳೂರಿನ ಹಳೆಯ ಸ್ಥಿತಿಗೆ ಕಾನೂನಿನಲ್ಲಿ ಸಿಕ್ಕ ಅತಿ ಹತ್ತಿರದ ಹೆಸರು ಇದೇ. ಆದರೆ ಮೀಸಲಿನ ಗಡಿ ಊರಿಗೆ ಮುಗಿಯುತ್ತದೆ, ಹಕ್ಕಿಯ ಊಟ ಗಡಿಯಾಚೆಯ ಕೆರೆಯಲ್ಲಿದೆ.

ಆ ಕೆರೆಗಳನ್ನು ಮೀನು ಸಾಕಣೆಗೆ ಗುತ್ತಿಗೆ ಕೊಡುತ್ತಾರೆ. ಗುತ್ತಿಗೆದಾರ ಕಾಟ್ಲಾ, ರೋಹು ಮರಿ ಬಿಟ್ಟು ಹಣ ಹೂಡಿರುತ್ತಾನೆ. ಹಕ್ಕಿ ಅವನಿಗೆ ನಷ್ಟ. ಪಟಾಕಿ ಹೊಡೆದು ಎಬ್ಬಿಸುತ್ತಾನೆ. ಬೆಳ್ಳೂರಿನ ಮನೆ ತನ್ನ ಹುಣಸೆಯ ನಷ್ಟಕ್ಕೆ ಪರಿಹಾರ ಪಡೆಯುತ್ತದೆ, ಕೆರೆಯ ಗುತ್ತಿಗೆದಾರನಿಗೆ ಅಂಥದ್ದೇನೂ ಇಲ್ಲ. ಹಕ್ಕಿ ಮೇಯುವ ಒಂದೆರಡು ಕೆರೆಗಳನ್ನಾದರೂ ಗುತ್ತಿಗೆಯಿಂದ ಹೊರಗಿಟ್ಟು, ಅದರ ಹಣವನ್ನು ಆ ಕೆರೆಯ ಪಂಚಾಯಿತಿಗೆ ತುಂಬಿಕೊಡುವುದೇ ನೇರವಾದ ಪರಿಹಾರ ಎಂದು ನಮಗೆ ಅನ್ನಿಸುತ್ತದೆ.

ಕೆರೆ ಕೆಟ್ಟರೆ ಏನಾಗಬಹುದು ಎಂಬುದು 2017ರ ಕೊನೆಯಿಂದ 2018ರ ನಡುವೆ ಕಂಡಿತು. ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತವು, ಲೆಕ್ಕ ಡಜನ್‌ಗಳಿಗೆ ಹೋಯಿತು. ಕೊಯ್ದು ನೋಡಿದಾಗ ಕರುಳಿನಲ್ಲಿ ದುಂಡುಹುಳುಗಳ ರಾಶಿ. ಇಂಥ ಹುಳುವಿನ ಮರಿಗಳು ಮೀನಿನ ಮೈಯಲ್ಲಿರುತ್ತವೆ, ಮೀನು ತಿಂದ ಹಕ್ಕಿಯ ಹೊಟ್ಟೆಯಲ್ಲಿ ಬೆಳೆದು, ಹಿಕ್ಕೆಯ ಮೂಲಕ ಹುಳುವಿನ ಮೊಟ್ಟೆ ಮತ್ತೆ ನೀರಿಗೆ ಸೇರುತ್ತದೆ. ನೀರು ಕಡಿಮೆಯಾಗಿ, ಕೊಳಕು ಸೇರಿ, ಮೀನೂ ಹಕ್ಕಿಯೂ ಒಂದೇ ಮಡುವಿನಲ್ಲಿ ಒತ್ತಾದಷ್ಟೂ ಈ ಸುತ್ತು ಬಿಗಿಯಾಗುತ್ತದೆ. ಮರದ ಕೆಳಗಿನ ಬಲೆ, ಬೇಲಿ, ಪರಿಹಾರದ ಹಣ ಯಾವುದೂ ಇದಕ್ಕೆ ಮದ್ದಾಗಲಿಲ್ಲ. ಆ ತಿಂಗಳುಗಳಲ್ಲಿ ತಮ್ಮ ಹಿತ್ತಲಲ್ಲಿ ದಿನವೂ ಹಕ್ಕಿ ಬೀಳುವುದನ್ನು ನೋಡಿದ ಮನೆಗಳ ಸಂಕಟ ಸಣ್ಣದಲ್ಲ.

ಕೊನೆಯದಾಗಿ ಗಿಡ ನೆಡುವ ವಿಷಯ, ಏಕೆಂದರೆ ಈಗಿರುವ ಗೂಡುಮರಗಳಿಗೆ ವಯಸ್ಸಾಗಿದೆ. ಬೀಜದಿಂದ ಎದ್ದ ಹುಣಸೆ ಕಾಯಿ ಹಿಡಿಯಲು ಏಳೆಂಟು ವರ್ಷವಾದರೂ ಬೇಕು; ಐದು ಕೆ.ಜಿ. ಹಕ್ಕಿಗಳ ಹತ್ತಾರು ಗೂಡು ಹೊರುವಂಥ ಕೊಂಬೆ ಬರಲು ದಶಕಗಳು ಬೇಕು. ನರ್ಸರಿಗಳಲ್ಲಿ ಈಗ ಸಿಗುವುದು ಹೆಚ್ಚಾಗಿ ಕಸಿ ಗಿಡ. ಕಸಿ ಹುಣಸೆ ನಾಲ್ಕೈದು ವರ್ಷಕ್ಕೇ ಕಾಯಿ ಹಿಡಿಯುತ್ತದೆ, ಕುಳ್ಳಗೆ ಹರಡುತ್ತದೆ, ನೆಲದಿಂದಲೇ ಕಾಯಿ ಕೀಳಬಹುದು. ರೈತನಿಗೆ ಅನುಕೂಲ, ಹಕ್ಕಿಗೆ ಕೆಲಸಕ್ಕೆ ಬಾರದು. ಬೆಳ್ಳೂರಿಗೆ ಬೇಕಾದದ್ದು ನಾಟಿ ಹುಣಸೆ, ಮೂರಡಿ ಉದ್ದಗಲ ಆಳದ ಗುಂಡಿಯಲ್ಲಿ, ಮರದಿಂದ ಮರಕ್ಕೆ ಮೂವತ್ತು ಅಡಿಗೆ ಕಡಿಮೆಯಾಗದಂತೆ, ಮೊದಲ ಎರಡು ಬೇಸಿಗೆ ನೀರು ಹಾಕಿ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ. ಅಷ್ಟು ಕಾಲ ಕಾಯಲಾಗದ ಕಡೆ ಬಸರಿ, ಗೋಣಿ, ಆಲದ ತೋಳುದಪ್ಪದ ಕೊಂಬೆಯನ್ನು ಏಳೆಂಟು ಅಡಿ ಉದ್ದಕ್ಕೆ ಕಡಿದು, ತುದಿಯ ಗಾಯಕ್ಕೆ ಸಗಣಿ ಮೆತ್ತಿ, ಮುಂಗಾರಿನಲ್ಲಿ ಎರಡಡಿ ಆಳಕ್ಕೆ ನೆಟ್ಟರೆ ಹುಣಸೆಗಿಂತ ಬೇಗ ನೆರಳೂ ಕೊಂಬೆಯೂ ಸಿಗುತ್ತವೆ. ಆದರೆ ಇವುಗಳನ್ನು ಮನೆಯ ಗೋಡೆಗೆ ಹತ್ತಿರ ನೆಡುವಂತಿಲ್ಲ, ಬೇರು ಪಾಯವನ್ನು ಎತ್ತುತ್ತದೆ. ಹಾಗಾಗಿ ಇವಕ್ಕೆ ಜಾಗ ಗೋಮಾಳ, ಗುಡಿಯ ಆವರಣ, ಕೆರೆ ಏರಿಯ ಕೆಳಗಿನ ಬಯಲು. ಏರಿಯ ಮೇಲೆ ಮಾತ್ರ ಬೇಡ, ಬೇರು ಸತ್ತಾಗ ಅದೇ ದಾರಿಯಲ್ಲಿ ನೀರು ಸೋರುತ್ತದೆ. ಮನೆಯ ಹಿತ್ತಲಲ್ಲಿ ನೆಡುವುದಾದರೆ ಹುಣಸೆಯೇ ಸರಿ. ನೆಡುವ ದಿನವೇ ಆ ಗಿಡ ಯಾರ ಪಾಲಿನದು ಎಂದು ಮನೆಯವರೆಲ್ಲ ಕೂತು ಬರೆದಿಡಬೇಕು.